ಪಾಸ್ಕ್ ಹೂವು ತೋರಿಸ್ತೀನಿ ಅಂತ ದುಡ್ಡು ಕೇಳಿದರೆ ಕೊಡಬೇಡಿ

ಇಂಗ್ಲೆಂಡಿನಲ್ಲಿರುವವರು, ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ದಯವಿಟ್ಟು ಓದಿ. 3 ಜನಕ್ಕೆ 180 ಪೌಂಡ್ ಹೋಯಿತು. ದುಡ್ಡಿಗಿಂತ ಅಮ್ಮನ ಮುಂದೆ ಆದ ಅವಮಾನವೇ ಜಾಸ್ತಿ.

ಅಮ್ಮ ಚಿಕ್ಕಮಗಳೂರಿನವರು. 2022ರಲ್ಲಿ ಚಂದ್ರದ್ರೋಣ ಬೆಟ್ಟದಲ್ಲಿ ಕುರಿಂಜಿ ಅರಳಿದಾಗ ಎರಡು ಸಲ ಹೋಗಿ ಬಂದಿದ್ದರು. ಅವರಿಗೆ ಇಲ್ಲಿನ ಅಪರೂಪದ ಹೂವೊಂದನ್ನು ತೋರಿಸಬೇಕು ಅಂತ ನನ್ನ ಆಸೆ. ಒಬ್ಬ ಗೈಡ್ ಸಿಕ್ಕಿದ. ಸುಣ್ಣಕಲ್ಲಿನ ಗುಡ್ಡ, ನೇರಳೆ ಬಣ್ಣದ ಪಾಸ್ಕ್ ಹೂವು, ಯಾರಿಗೂ ಗೊತ್ತಿಲ್ಲದ ಜಾಗ ಅಂದ. ತಲೆಗೆ 60 ಪೌಂಡ್, ಮೊದಲೇ ಹಾಕಬೇಕು. ಜಾಗದ ಹೆಸರು ಕೇಳಿದರೆ, ಹೇಳಿದರೆ ಕಳ್ಳರು ಗಿಡ ಕಿತ್ತುಕೊಂಡು ಹೋಗ್ತಾರೆ ಅಂದ. ನಂಬಿಬಿಟ್ಟೆ. ಯಾಕೆಂದರೆ ಅಂಥದ್ದು ನಿಜವಾಗಿ ನಡೆದಿದೆ. ಲೇಡೀಸ್ ಸ್ಲಿಪ್ಪರ್ ಆರ್ಕಿಡ್ ಈ ದೇಶದಲ್ಲಿ ಇನ್ನಿಲ್ಲ ಅಂತ 1917ರಲ್ಲಿ ಅಂದುಕೊಂಡಿದ್ದರು. 1930ರಲ್ಲಿ ಯಾರ್ಕ್‌ಷೈರ್‌ನಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ಆ ಜಾಗವನ್ನು ವರ್ಷಗಟ್ಟಲೆ ಗುಟ್ಟಾಗಿಟ್ಟರು. ಇದೂ ಹಾಗೇ ಇರಬೇಕು ಅಂದುಕೊಂಡೆ.

ಮೇ ಕೊನೆಯ ಶನಿವಾರ ಕಾರು ನಿಂತಿದ್ದು ಎಲ್ಲಿ ಗೊತ್ತಾ? ಸ್ಟ್ಯಾಮ್‌ಫರ್ಡ್ ಹತ್ತಿರದ ಬಾರ್ನಾಕ್ ಹಿಲ್ಸ್ ಅಂಡ್ ಹೋಲ್ಸ್. ರಾಷ್ಟ್ರೀಯ ಪ್ರಕೃತಿ ಮೀಸಲು ಜಾಗ! ಗೇಟಿನಲ್ಲೇ ಬೋರ್ಡು. ಟಿಕೆಟ್ ಇಲ್ಲ, ಏನೂ ಇಲ್ಲ. ಜನ ಮಕ್ಕಳನ್ನು ಕರೆದುಕೊಂಡು ಆರಾಮಾಗಿ ಒಳಗೆ ಹೋಗ್ತಿದ್ದಾರೆ. ಇದಾ ಗುಟ್ಟಿನ ಜಾಗ?

ಹೋಗಲಿ, ಹೂವಾದರೂ ಇತ್ತಾ? ಇಲ್ಲ. ಅದು ಪೀಟರ್‌ಬರೋ ಕ್ಯಾಥೆಡ್ರಲ್ ಕಟ್ಟೋಕೆ ಕಲ್ಲು ತೆಗೆದಿದ್ದ ಹಳೇ ಕ್ವಾರಿ, ಬರೀ ದಿಬ್ಬ, ಬರೀ ಗುಂಡಿ. ಅಮ್ಮ ಮಂಡಿ ಹಿಡಿದುಕೊಂಡು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಕೊನೆಗೆ ಅವನು ಬಗ್ಗಿ ತೋರಿಸಿದ್ದು ರೇಷ್ಮೆ ಕೂದಲಿನ ಹಾಗಿದ್ದ ಬೀಜದ ಕುಚ್ಚು. 'ಇದೇ ಪಾಸ್ಕ್' ಅಂದ. ಹೂವೆಲ್ಲಿ ಅಂದೆ. 'ಮುಗಿದಿದೆ. ಇದೂ ಚೆನ್ನಾಗಿದೆ ಅಲ್ವಾ?'

'ಏನಂತೋ ಅವನು?' ಅಂತ ಅಮ್ಮ ಕೇಳಿದರು. ನನಗೆ ಬಾಯೇ ಬರಲಿಲ್ಲ.

ಅಲ್ಲಿ ನಡೆಯಲು ಬಂದಿದ್ದ ಒಬ್ಬ ಅಜ್ಜಿ, 'ಏಪ್ರಿಲ್‌ನಲ್ಲಿ ಬರಬೇಕಿತ್ತು, ಈಸ್ಟರ್ ಹೊತ್ತಿಗೆ' ಅಂದರು. ಪಾಸ್ಕ್ ಅಂದರೇ ಈಸ್ಟರ್. ಹೆಸರಲ್ಲೇ ಇತ್ತು! ಇದು ಆ ಗೈಡ್‌ಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ದುಡ್ಡು ವಾಪಸ್ ಕೇಳಿದೆ. 'ಪ್ರಕೃತಿ ನಮ್ಮ ಮಾತು ಕೇಳಲ್ಲ' ಅಂತ ಬರೆದ. ಮತ್ತೆ ಕೇಳಿದೆ. 'ನೀವು ಕೊಟ್ಟಿದ್ದು ನನ್ನ ಸಮಯಕ್ಕೆ, ಹೂವಿಗಲ್ಲ.' ದುಡ್ಡು ಹಾಕುವ ಮುಂಚೆ 'ಮೇ ಕೊನೆಗೆ ಹೂವು ಇರುತ್ತಾ?' ಅಂತ ನಾನೇ ಕೇಳಿದ್ದೆ, 'ಖಂಡಿತ' ಅಂದಿದ್ದ. ಆ ಮೆಸೇಜನ್ನೇ ತೆಗೆದು ಕಳಿಸಿದೆ. ನೋಡಿದ್ದಾನೆ. ಉತ್ತರ ಇಲ್ಲ.

ಜಾಗದ ಹೆಸರು ಹೇಳದವರಿಗೆ ಮುಂಗಡ ಕೊಡಬೇಡಿ. ಬಾರ್ನಾಕ್‌ಗೆ ನೀವೇ ಹೋಗಿ, ಏಪ್ರಿಲ್ ಮಧ್ಯದಿಂದ ಮೇ ಮೊದಲ ದಿನಗಳೊಳಗೆ. ಒಂದು ಪೈಸೆ ಖರ್ಚಿಲ್ಲ. ಹೂವು ತುಳಿಯಬೇಡಿ, ಅಷ್ಟೇ.

ಅಮ್ಮ ಮುಂದಿನ ವಾರ ಊರಿಗೆ ಹೊರಡುತ್ತಾರೆ. 'ಹೋಗ್ಲಿ ಬಿಡೋ' ಅಂತಿದ್ದಾರೆ. ನನಗೆ ಬಿಡೋಕೆ ಆಗ್ತಿಲ್ಲ.