ಶಿರಸಿ ಪೇಟೆಯ ಮುರುಗಲು ಸಿರಪ್: ಪಾನಕಕ್ಕೆ ಸೈ, ಮೆದುಳಿನ ಮಾತು ಬೇರೆ

ಕಳೆದ ಬೇಸಿಗೆಯಲ್ಲಿ ಶಿರಸಿ ಪೇಟೆಯಲ್ಲಿ ಜೇನು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಗಳನ್ನು ಮಾರುವ ಮಳಿಗೆಯೊಂದರಿಂದ 700 ಮಿಲಿಲೀಟರಿನ ಮುರುಗಲು (ಕೋಕಂ) ಹಣ್ಣಿನ ಸಿರಪ್ಪಿನ ಬಾಟಲಿಯನ್ನು 190 ರೂಪಾಯಿ ಕೊಟ್ಟು ತಂದೆ. ಹಿತ್ತಲಿನಲ್ಲೇ ಮುರುಗಲು ಮರ ಇರುವವರು ಅದನ್ನು ದುಡ್ಡು ಕೊಟ್ಟು ಕೊಳ್ಳುವುದು ತುಸು ನಾಚಿಕೆಯ ಸಂಗತಿಯೇ. ಆದರೆ ಅದರ ಚೀಟಿಯ ಮೇಲೆ ದಪ್ಪ ಅಕ್ಷರಗಳಲ್ಲಿ, ಆಂಟಿಆಕ್ಸಿಡೆಂಟ್‌ಗಳಿಂದ ಸಮೃದ್ಧವಾದ ಈ ಪಾನೀಯ ಮರೆವಿನ ಕಾಯಿಲೆಯಿಂದ ಮೆದುಳನ್ನು ಕಾಪಾಡುತ್ತದೆ ಎಂದು ಬರೆದಿತ್ತು. ಮನೆಯಲ್ಲಿರುವ ಎಪ್ಪತ್ತೆಂಟು ವರ್ಷದ ಸೋದರತ್ತೆಗೆ ಈಚೆಗೆ ಮರೆವು ಹೆಚ್ಚಿರುವುದರಿಂದ ಆ ಸಾಲು ನನ್ನ ಕೈಯನ್ನು ಜೇಬಿಗೆ ಇಳಿಸಿತು.

ಮೊದಲು ರುಚಿಯ ಮಾತು. ಒಂದು ಲೋಟ ತಣ್ಣೀರಿಗೆ 30 ಮಿಲಿಲೀಟರ್ ಸಿರಪ್, ಚಿಟಿಕೆ ಉಪ್ಪು, ಸ್ವಲ್ಪ ಜೀರಿಗೆ ಪುಡಿ ಹಾಕಿದರೆ ಮದುವೆಮನೆಯ ಬಾಗಿಲಲ್ಲಿ ಕೊಡುವ ಪಾನಕಕ್ಕೆ ಏನೂ ಕಡಿಮೆಯಿಲ್ಲ. ಹುಳಿ ಚುರುಕಾಗಿದೆ, ಎಸೆನ್ಸಿನ ವಾಸನೆ ಇಲ್ಲ, ಕುಡಿದ ಮೇಲೆ ಗಂಟಲಲ್ಲಿ ಜಿಗುಟು ಉಳಿಯುವುದಿಲ್ಲ. ಬಣ್ಣದ ಬಗ್ಗೆ ಅನುಮಾನವಿದ್ದುದರಿಂದ, ನೀರು ಬೆರೆಸಿದ ಸಿರಪ್ಪಿಗೆ ಅಡುಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ನೋಡಿದೆ. ನೊರೆ ಅಡಗಿದ ಮೇಲೆ ಕೆಂಪು ನೇರಳೆಯಾಗಿ, ಕೊನೆಗೆ ನೀಲಿ ಬೆರೆತ ಬೂದಿಬಣ್ಣಕ್ಕೆ ತಿರುಗಿತು. ಮುರುಗಲಿನ ಕೆಂಪಿಗೆ ಕಾರಣವಾದ ಆಂಥೋಸಯಾನಿನ್‌ಗಳು ಹುಳಿಯಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿಯಾಗಿಯೂ ಕಾಣುವುದರಿಂದ, ಈ ಬಾಟಲಿಯಲ್ಲಿ ಇರುವುದು ಹಣ್ಣಿನದೇ ಬಣ್ಣ ಎಂದು ನಂಬಿದೆ. ಅಷ್ಟರಮಟ್ಟಿಗೆ ತಯಾರಕರು ಪ್ರಾಮಾಣಿಕರು.

ಚೀಟಿಯ ದೊಡ್ಡ ಮಾತಿಗೆ ಬರುತ್ತೇನೆ. ಅದು ಪೂರ್ತಿ ಗಾಳಿಯಲ್ಲಿ ಹುಟ್ಟಿದ ಮಾತೇನಲ್ಲ. ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇಕಡಾ 2 ಮಾತ್ರವಾದರೂ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20ರಷ್ಟು ಅದಕ್ಕೇ ಹೋಗುತ್ತದೆ. ಅದರ ಜೀವಕೋಶಗಳ ಪೊರೆಯಲ್ಲಿ ಬೇಗ ಉತ್ಕರ್ಷಣಗೊಳ್ಳುವ ಬಗೆಯ ಕೊಬ್ಬು ಹೇರಳವಾಗಿದೆ. ಹಾಗಾಗಿ ಜೀವಕೋಶಗಳನ್ನು ಕೆಡಿಸುವ ಚುರುಕು ಕಣಗಳಾದ ಫ್ರೀ ರ್‍ಯಾಡಿಕಲ್‌ಗಳ ಹಾವಳಿ ಅಲ್ಲಿ ಹೆಚ್ಚು, ಆಲ್‌ಝೈಮರ್ ಕಾಯಿಲೆಯಾದವರ ಮೆದುಳಿನಲ್ಲಿ ಅಂಥ ಹಾನಿಯ ಗುರುತುಗಳು ಕಾಣುತ್ತವೆ. ಮುರುಗಲಿನ ಸಿಪ್ಪೆಯಲ್ಲಿ ಆಂಥೋಸಯಾನಿನ್‌ಗಳ ಜೊತೆಗೆ ಗಾರ್ಸಿನಾಲ್ ಎಂಬ ವಸ್ತುವೂ ಇದೆ, ಪ್ರಯೋಗಾಲಯದ ತಟ್ಟೆಯಲ್ಲಿ ಇವೆರಡೂ ಆ ಹಾನಿಯನ್ನು ತಡೆಯುವ ಒಳ್ಳೆಯ ಆಂಟಿಆಕ್ಸಿಡೆಂಟ್‌ಗಳು. ಆದರೆ ತಟ್ಟೆಯಲ್ಲಿ ಕಂಡದ್ದು ತಲೆಯೊಳಗೆ ನಡೆಯಬೇಕಾದರೆ ಆ ವಸ್ತು ಹೊಟ್ಟೆಯನ್ನೂ ಯಕೃತ್ತನ್ನೂ ದಾಟಿ ರಕ್ತಕ್ಕೆ ಸೇರಿ, ಅಲ್ಲಿಂದ ಮೆದುಳಿನ ಸುತ್ತ ಇರುವ ಬಿಗಿಯಾದ ತಡೆಯನ್ನೂ ಹಾಯಬೇಕು. ನಾವು ಕುಡಿದ ಆಂಥೋಸಯಾನಿನ್‌ನಲ್ಲಿ ಮೂಲರೂಪದಲ್ಲೇ ರಕ್ತ ಸೇರುವುದು ಬಹಳ ಸಣ್ಣ ಪಾಲು. ಬಾಟಲಿಯ ಜೊತೆ ಬಂದ ಕರಪತ್ರದಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಅಳೆಯುವ ಓರ್ಯಾಕ್ ಅಂಕವೊಂದನ್ನು ಹೆಮ್ಮೆಯಿಂದ ಕೊಟ್ಟಿದ್ದಾರೆ. ಗಾಜಿನ ಕೊಳವೆಯಲ್ಲಿ ಅಳೆದ ಆ ಅಂಕದಿಂದ ದೇಹದಲ್ಲಿ ಏನಾಗುತ್ತದೆಂದು ಹೇಳಲಾಗದು ಎಂಬ ಕಾರಣಕ್ಕೆ ಅಮೆರಿಕದ ಕೃಷಿ ಇಲಾಖೆ ತನ್ನ ಓರ್ಯಾಕ್ ಪಟ್ಟಿಯನ್ನು 2012ರಲ್ಲೇ ಹಿಂತೆಗೆದುಕೊಂಡಿತು.

ಗಿಡಮೂಲಿಕೆಯ ಸಾರವನ್ನು ಮನುಷ್ಯರಿಗೇ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯೊಂದನ್ನು ಇಲ್ಲಿ ನೆನೆಯಬೇಕು. ಗಿಂಕೊ ಎಂಬ ಮರದ ಎಲೆಯ ಸಾರವನ್ನು 75 ವರ್ಷ ದಾಟಿದ 3,069 ಜನರ ಮೇಲೆ ಪರೀಕ್ಷಿಸಿ, ಅರ್ಧದಷ್ಟು ಜನರಿಗೆ ಸಾರವನ್ನೂ ಉಳಿದವರಿಗೆ ಹುಸಿ ಮಾತ್ರೆಯನ್ನೂ ಸುಮಾರು ಆರು ವರ್ಷ ಕೊಡಲಾಯಿತು. 2008ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಸಾರ ತೆಗೆದುಕೊಂಡವರಲ್ಲಿ ಮರೆವಿನ ಕಾಯಿಲೆ ಕಡಿಮೆಯೇನೂ ಆಗಲಿಲ್ಲ. ಅಷ್ಟು ಕಾಲ ಅಳೆದು ಕೊಟ್ಟ ಮಾತ್ರೆಯ ಗತಿಯೇ ಹೀಗಿರುವಾಗ, ಪಾನಕದ ಬಾಟಲಿ ಅಷ್ಟು ಗಟ್ಟಿಯಾಗಿ ಮಾತನಾಡುವುದು ಸಲ್ಲದು.

ನನ್ನ ನಿಜವಾದ ತಕರಾರು ಇರುವುದು ಬಾಟಲಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಇಲ್ಲಿ ಮೊದಲ ಹೆಸರು ಸಕ್ಕರೆ, ಎರಡನೆಯದು ಮುರುಗಲು ರಸ. 100 ಮಿಲಿಲೀಟರಿಗೆ 58 ಗ್ರಾಂ ಸಕ್ಕರೆ ಎಂದಿದೆ, ಅಂದರೆ ಲೋಟವೊಂದಕ್ಕೆ ಸುಮಾರು 17 ಗ್ರಾಂ, ನಾಲ್ಕು ಚಹಾ ಚಮಚಕ್ಕಿಂತ ಹೆಚ್ಚು. ದಿನಕ್ಕೆ ಎರಡು ಲೋಟ ಕುಡಿಯಿರಿ ಎಂಬ ಸಲಹೆಯೂ ಇದೆ. ನಮ್ಮ ಅತ್ತೆ ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷಗಳಿಂದ ಮಾತ್ರೆ ನುಂಗುತ್ತಿರುವವರು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಡಿಮೆನ್ಶಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ ಸಂಬಂಧಿಸಿದ, ನಾವು ಬದಲಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿತು. ಕಿವಿ ಮಂದವಾಗುವುದು, ರಕ್ತದೊತ್ತಡ, ಒಂಟಿತನ ಇವುಗಳ ಜೊತೆ ಮಧುಮೇಹವೂ ಅದರಲ್ಲಿದೆ. ಮೆದುಳಿನ ಹೆಸರು ಹೇಳಿಕೊಂಡು ಮಧುಮೇಹದ ಮುದುಕರಿಗೆ ಸಕ್ಕರೆ ಪಾಕವನ್ನು ದಿನಕ್ಕೆರಡು ಬಾರಿ ಕುಡಿಸಲು ಹೊರಟಿದ್ದಕ್ಕೆ ನನಗೆ ಕೋಪ ಬಂತು. ಒಂದು ಗುಟುಕು ಕುಡಿದ ಅತ್ತೆ "ತಮಾ, ಇದು ಪಾನಕ ಅಲ್ದನಾ" ಎಂದು ಲೋಟ ಕೆಳಗಿಟ್ಟರು. ನನಗೆ ಇಷ್ಟು ಓದಿದ ಮೇಲೆ ತಿಳಿದದ್ದು ಅವರಿಗೆ ನಾಲಿಗೆಯಲ್ಲೇ ತಿಳಿದಿತ್ತು.

ಮಳಿಗೆಯವರಿಗೆ ಇದನ್ನು ಹೇಳಿದಾಗ ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, ಚೀಟಿ ಅಂಟಿಸುವುದು ತಾವಲ್ಲ ಎಂದರು. ಅದು ನಿಜ. ಆದರೆ ಬಾಟಲಿಗಳನ್ನು ಬಿಸಿಲು ಬೀಳುವ ಮುಂದಿನ ಕಪಾಟಿನಲ್ಲಿ ಜೋಡಿಸುವವರು ಅವರೇ. ದೀಪಾವಳಿಗೆ ನೆಂಟರಿಗಾಗಿ ತಂದ ಎರಡನೆಯ ಬಾಟಲಿಯ ಕೆಂಪು ಕಂದಿ ಕಂದು ಬಣ್ಣವಾಗಿತ್ತು. ಬೆಳಕು ಮತ್ತು ಶಾಖಕ್ಕೆ ಆಂಥೋಸಯಾನಿನ್ ನಾಶವಾಗುತ್ತದೆ. ಆಂಟಿಆಕ್ಸಿಡೆಂಟ್ ಎಂದು ಮಾರುವವರು ಕನಿಷ್ಠ ಅದನ್ನು ನೆರಳಿನಲ್ಲಿಡಬೇಕು.

ನೆಂಟರು ಬಂದಾಗ ಪಾನಕಕ್ಕೆಂದು ಈ ಸಿರಪ್ಪನ್ನು ಧಾರಾಳವಾಗಿ ಕೊಳ್ಳಬಹುದು, ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಔಷಧಿಯೆಂದು ಕೊಳ್ಳುವವರಿಗೆ ಸೊನ್ನೆ. ಅದೇ ಮಳಿಗೆಯ ಒಳಗಿನ ಕಪಾಟಿನಲ್ಲಿ 200 ಗ್ರಾಂ ಒಣ ಸಿಪ್ಪೆಯ ಪೊಟ್ಟಣ 110 ರೂಪಾಯಿಗೆ ಸಿಗುತ್ತದೆ, ಅದರ ಚೀಟಿಯಲ್ಲಿ ಮುರುಗಲು ಎಂಬ ಒಂದೇ ಪದವಿದೆ. ಈಗ ನಮ್ಮ ಮನೆಯಲ್ಲಿ ಅದನ್ನೇ ನೆನೆಸಿ, ಹಸಿಮೆಣಸು, ಇಂಗಿನ ಒಗ್ಗರಣೆ ಕೊಟ್ಟು ಸಾರು ಮಾಡುತ್ತಾರೆ. ಅತ್ತೆ ಎರಡು ಬಾರಿ ಬಡಿಸಿಕೊಳ್ಳುತ್ತಾರೆ. ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಆಗುವುದರಿಂದ ಮಳೆ ಹಿಡಿಯುವ ಹೊತ್ತಿಗೆ ಹೋದರೆ ಹೊಸ ಮಾಲು ಸಿಗುತ್ತದೆ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಬಾಗಬೇಕು, ಮುರಿಯುವಷ್ಟು ಒಣಗಿದ್ದರೆ ಅದು ಹಿಂದಿನ ವರ್ಷದ್ದು.