ಕಾರ್ಮಿಕ ಸುರಕ್ಷತಾ ಕಾನೂನು: ಸರ್ಕಾರದ ಪರವೋ, ಮಾಲೀಕರ ಪರವೋ?

ಅಮೆರಿಕದಲ್ಲಿ 1970ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಯ ಮೇಲೆ ವಕೀಲಿಕೆ ಮಾಡಬಯಸುವವರಿಗೆ ಮುಖ್ಯವಾಗಿ ಎರಡು ದಾರಿ: ಕಾರ್ಮಿಕ ಇಲಾಖೆಯ ಸಾಲಿಸಿಟರ್ ಕಚೇರಿ (ಸರ್ಕಾರದ ಪರ ವಾದಿಸುವ ವಕೀಲರ ಕಚೇರಿ) ಅಥವಾ ಮಾಲೀಕರ ಪರ ವಾದಿಸುವ ಖಾಸಗಿ ಸಂಸ್ಥೆ.

ಸಂಬಳದಲ್ಲಿ ದೊಡ್ಡ ಖಾಸಗಿ ಸಂಸ್ಥೆಗಳೇ ಮುಂದು.

ನಿಜವಾದ ವ್ಯತ್ಯಾಸ ಇರುವುದು ಕೆಲಸದಲ್ಲಿ. ಈ ಕಾಯ್ದೆಯನ್ನು ಜಾರಿಗೊಳಿಸುವ, ಕಾರ್ಮಿಕ ಇಲಾಖೆಯ ಸಂಸ್ಥೆಯಾದ ಓಶಾದಿಂದ ಉಲ್ಲಂಘನೆಯ ನೋಟಿಸ್ ತಲುಪಿದ ಮೇಲೆ ಮಾಲೀಕರು 15 ಕೆಲಸದ ದಿನಗಳೊಳಗೆ ತಕರಾರು ಎತ್ತಿದರೆ, ಪ್ರಕರಣ ಇಲಾಖೆಯಿಂದ ಸ್ವತಂತ್ರವಾದ ಪರಿಶೀಲನಾ ಆಯೋಗಕ್ಕೆ ಹೋಗುತ್ತದೆ. ಅಲ್ಲಿ ರುಜುವಾತಿನ ಹೊಣೆ ಸರ್ಕಾರಿ ವಕೀಲರದು: ನಿಯಮ ಅನ್ವಯಿಸುತ್ತಿತ್ತು, ಅದನ್ನು ಪಾಲಿಸಲಿಲ್ಲ, ಕಾರ್ಮಿಕರು ಅಪಾಯಕ್ಕೆ ಸಿಲುಕಿದ್ದರು, ಅದು ಮಾಲೀಕರಿಗೆ ಗೊತ್ತಿತ್ತು ಅಥವಾ ಗೊತ್ತಿರಬೇಕಿತ್ತು. ಈ ಕೊನೆಯದೇ ಕಷ್ಟ. ಮೇಸ್ತ್ರಿಗೆ ಏನು ತಿಳಿದಿತ್ತು ಎಂಬುದನ್ನು ಸಾಕ್ಷಿಗಳ ಬಾಯಿಂದಲೇ ಹೊರತೆಗೆಯಬೇಕು. ಪಾಟೀಸವಾಲು ಕಲಿಯಬೇಕೆನ್ನುವ ಕಿರಿಯರಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ.

ಖಾಸಗಿ ವಕೀಲರು ಅಪಘಾತಕ್ಕೆ ಮುನ್ನವೇ ಸಲಹೆ ಕೊಟ್ಟು ಯಂತ್ರಕ್ಕೆ ರಕ್ಷಾಕವಚ ಹಾಕಿಸಬಲ್ಲರು. ಅದೂ ಜೀವ ಉಳಿಸುವ ಕೆಲಸವೇ.

ಒಂದು ಮಾತು ಮೊದಲೇ ತಿಳಿದಿರಲಿ: ಸರ್ಕಾರಿ ವಕೀಲರ ಕಕ್ಷಿದಾರರು ಇಲಾಖೆಯ ಮುಖ್ಯಸ್ಥರಾದ ಕಾರ್ಮಿಕ ಕಾರ್ಯದರ್ಶಿ, ಸತ್ತ ಕಾರ್ಮಿಕನ ಕುಟುಂಬವಲ್ಲ. ರಾಜಿಗೆ ಆ ಕುಟುಂಬ ಒಪ್ಪದಿದ್ದರೂ ಸಹಿ ಹಾಕಬೇಕಾಗಬಹುದು.