ಗಂಬೂಟು, ಕಾಲುಪಟ್ಟಿ, ಮೊಬೈಲ್ ಸ್ಟಾರ್ಟರ್: ರಾತ್ರಿ ಗದ್ದೆಗೆ ಯಾವುದು ಸರಿ?

ಪಾಂಡವಪುರದ ಕಡೆ ನಮ್ಮದು ಎರಡೂವರೆ ಎಕರೆ ಕಬ್ಬು, ಸ್ವಲ್ಪ ಭತ್ತ. ಬೋರಿಗೆ ತ್ರೀಫೇಸ್ ಕರೆಂಟು ಎಷ್ಟೋ ದಿನ ರಾತ್ರಿಯೇ ಬರುತ್ತದೆ. ಹೋದ ವರ್ಷ ನೀರು ಕಟ್ಟಲು ಹೋದ ಅಪ್ಪನ ಕಾಲ ಹತ್ತಿರ, ತರಗಿನೊಳಗಿಂದ ಕೊಳಕುಮಂಡಲ ಕುಕ್ಕರಿನ ಹಾಗೆ ಬುಸುಗುಟ್ಟಿತು. ಅಪ್ಪ ಬರಿಗಾಲಲ್ಲಿದ್ದರು. ಆಮೇಲೆ ಒಂದೊಂದೇ ತಂದು ಹಾಕಿ ನೋಡಿದೆವು.

ಮೊದಲು ಗಂಬೂಟು, ಒಂದು ಜೊತೆಗೆ 450 ರೂಪಾಯಿ ಕೊಟ್ಟೆವು. ಹಾವು ಜಾಸ್ತಿ ಕಚ್ಚುವುದು ಪಾದ, ಮೀನಖಂಡದ ಆಸುಪಾಸಿಗೇ. ಅಲ್ಲಿಗೆಲ್ಲ ಇದು ಮುಚ್ಚಿಗೆ. ಒಂದು ನಂಬರ್ ದೊಡ್ಡದೇ ತನ್ನಿ, ಕಾಲಿಗೂ ರಬ್ಬರಿಗೂ ನಡುವೆ ಸಂದು ಇದ್ದಷ್ಟೂ ಒಳ್ಳೆಯದು. ಕಬ್ಬಿನ ಸಾಲಿಗೆ ಇದಕ್ಕೆ ಸಾಟಿ ಇಲ್ಲ. ಭತ್ತದ ಗದ್ದೆಗೆ ಮಾತ್ರ ಬೇಡ. ಕೆಸರಿನಲ್ಲಿ ಬೂಟು ಅಲ್ಲೇ ನಿಲ್ಲುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ! ಒಂದು ಬೆಳಗ್ಗೆ ಬೂಟಿನೊಳಗೆ ಚೇಳು ಇತ್ತು. ಈಗ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿಡುತ್ತೇವೆ, ಹಾಕುವ ಮುಂಚೆ ಕೊಡವುತ್ತೇವೆ.

ಆನ್‌ಲೈನಲ್ಲಿ ತರಿಸಿದ ದಪ್ಪ ಕ್ಯಾನ್ವಾಸಿನ ಕಾಲುಪಟ್ಟಿ ಬೂಟಿಗಿಂತ ಹಗುರ. ಆದರೆ ಪಾದ ಪೂರ್ತಿ ಬಯಲಿಗೇ. ಒಮ್ಮೆ ನೆನೆದರೆ ಎರಡು ದಿನ ಒಣಗುವುದಿಲ್ಲ. ಕಟ್ಟುವ ದಾರದ ಕೆಲಸ ಬೇರೆ. ನಮ್ಮ ಆಳು ಒಂದೇ ರಾತ್ರಿ ಹಾಕಿ, "ಅಣ್ಣಾ, ಇದನ್ನ ನೀವೇ ಇಟ್ಕೊಳ್ಳಿ" ಅಂದ. ಸುಮ್ನೆ ದುಡ್ಡು ದಂಡ.

ಬೆಳಕಿನ ವಿಚಾರ. ತಲೆಗೆ ಕಟ್ಟುವ ಹೆಡ್‌ಲೈಟ್ ಹಾಕಿದರೆ ಗುದ್ದಲಿ ಹಿಡಿಯಲು ಎರಡೂ ಕೈ ಖಾಲಿ. ಆದರೆ ಹುಳುವೆಲ್ಲ ಮುಖಕ್ಕೇ. ಜೊತೆಗೆ ಬೆಳಕು ನಾವು ನೋಡುವ ಕಡೆ ಬೀಳುತ್ತದೆ, ಹೆಜ್ಜೆ ಇಡುವ ಕಡೆ ಅಲ್ಲ. ಕೈಟಾರ್ಚನ್ನು ಸೊಂಟದ ಮಟ್ಟಕ್ಕೆ ಹಿಡಿದರೆ ತರಗಿನ ನೆರಳು ಎದ್ದು ಕಾಣುತ್ತದೆ, ಮಲಗಿದ ಹಾವೂ ಕಾಣುತ್ತದೆ. ನಾನು ಬದುವಿನ ಮೇಲೆ ಕೈಟಾರ್ಚು, ನೀರು ತಿರುಗಿಸುವಾಗ ಹೆಡ್‌ಲೈಟು ಬಳಸುತ್ತೇನೆ.

ಎಲ್ಲಕ್ಕಿಂತ ಆಸೆ ಪಟ್ಟು ತಂದಿದ್ದು ಮೊಬೈಲ್ ಸ್ಟಾರ್ಟರ್. ಮನೆಯಿಂದ ಫೋನ್ ಮಾಡಿದರೆ ಮೋಟಾರ್ ಆನ್. ರಾತ್ರಿ ಓಡಾಟ ಅರ್ಧಕ್ಕರ್ಧ ಕಡಿಮೆಯಾಯಿತು, ನಿಜ. ಆದರೆ ಅದು ಇನ್ನೊಂದು ಅಪಾಯ ತಂದಿತು. ಒಂದು ದಿನ ಆಳು ಸ್ಟಾರ್ಟರ್ ಡಬ್ಬಿ ತೆರೆದು ಮೋಟಾರಿನ ವೈರು ಬಿಗಿ ಮಾಡುತ್ತಿದ್ದ. ಮೇನ್ ಆಫ್ ಮಾಡಿರಲಿಲ್ಲ, ಮೋಟಾರ್ ಓಡುತ್ತಿಲ್ಲವಲ್ಲ ಅನ್ನೋ ಧೈರ್ಯ. ಇತ್ತ ನಾನು ಆನ್ ಮಾಡಲು ಫೋನ್ ಎತ್ತಿದ್ದೆ. "ಅವನು ಪಂಪ್‌ಹೌಸಿಗೆ ಹೋದ ಕಣೋ" ಅಂತ ಅಮ್ಮ ಕೂಗಿದ್ದರಿಂದ ಉಳಿದ. ನನ್ನ ಕೈ ಅರ್ಧ ಗಂಟೆ ನಡುಗುತ್ತಿತ್ತು. ಅವತ್ತಿನಿಂದ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡವನೇ ಡಬ್ಬಿ ಮುಟ್ಟಬೇಕು. ಕರೆಂಟು ಬಂದ ಕೂಡಲೇ ಮೋಟಾರ್ ತಾನೇ ಓಡುವ ಆಟೋ ಮೋಡ್ ನಮ್ಮಲ್ಲಿ ಬಂದ್.

ಒಂದೇ ತರಬಹುದು ಅಂದರೆ ನಾನು ಗಂಬೂಟೇ ಅನ್ನುತ್ತೇನೆ. ಅದಿದ್ದರೂ ಕಚ್ಚಿತು ಅನ್ನಿ. ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ನಾಟಿ ವೈದ್ಯರ ಹತ್ತಿರ ಹೊತ್ತು ಕಳೆಯಬೇಡಿ. ಕಾಲು ಅಲ್ಲಾಡಿಸದೆ, ವಿಷಕ್ಕೆ ಇಂಜೆಕ್ಷನ್ ಇರುವ ದೊಡ್ಡಾಸ್ಪತ್ರೆಗೆ 108ರಲ್ಲಿ ಕರೆದೊಯ್ಯಿರಿ.

ಕಳೆ ಕೀಳಲು ಬರುವ ಹೆಂಗಸರಿಗೆ ಮಾತ್ರ ಇನ್ನೂ ಬೂಟು ಸಿಕ್ಕಿಲ್ಲ. ಅಂಗಡಿಯಲ್ಲಿ ಇರುವುದೆಲ್ಲ ಗಂಡಸರ ಅಳತೆ. ಸದ್ಯಕ್ಕೆ ಅವರು ಸಾಲಿಗೆ ಇಳಿಯುವ ಮುಂಚೆ ನಾನೇ ಕೋಲಿನಿಂದ ತರಗು ಬಡಿದು ಬರುತ್ತೇನೆ. "ಅಪ್ಪನಿಗಿಂತ ನೀನೇ ಪುಕ್ಕಲ" ಅಂತ ನಗುತ್ತಾರೆ.